ಉತ್ತರ ಸಿಗದ ಪ್ರಶ್ನೆಗಳನ್ನು ಕಲಿಸುತ್ತ ಕಲಿತ ಪಾಠಗಳು

ಕ್ಯಾಲಿಫೋರ್ನಿಯಾದ ಹೇವರ್ಡ್‌ನ ಕಾಲೇಜೊಂದರಲ್ಲಿ ನಾನು ಭೌತವಿಜ್ಞಾನ ಕಲಿಸುತ್ತೇನೆ. ನನ್ನ ಪಾಲಿಗೆ ಬರುವುದು ಹೆಚ್ಚಾಗಿ ಶಾಖ, ಉಷ್ಣಾಂಶ, ಘನ-ದ್ರವ-ಅನಿಲಗಳ ಪಾಠ. ಪಠ್ಯಪುಸ್ತಕ ತೆರೆದರೆ ಇಲ್ಲಿ ಎಲ್ಲವೂ ನೂರು ವರ್ಷದ ಹಿಂದೆಯೇ ಇತ್ಯರ್ಥವಾಗಿದೆ ಅನ್ನಿಸುತ್ತದೆ. ಆದರೆ ಸಂಶೋಧಕರು ಇವತ್ತಿಗೂ ವಾದ ಮಾಡುವ ಪ್ರಶ್ನೆಗಳು ಬೇಕಾದಷ್ಟಿವೆ. ಅವನ್ನು ತರಗತಿಗೆ ತಂದಾಗ ನಾನು ಕಂಡುಕೊಂಡ ಕೆಲವು ಪಾಠಗಳಿವು.

1. ನೀರಿನಿಂದಲೇ ಶುರು ಮಾಡಿ

ನೀರು ಸೊನ್ನೆ ಡಿಗ್ರಿಯಲ್ಲಿ ಮಂಜುಗಡ್ಡೆಯಾಗುತ್ತದೆ ಎಂದು ಎಲ್ಲರೂ ಬಾಯಿಪಾಠ ಮಾಡಿರುತ್ತಾರೆ. ಆದರೆ ಹರಳು ಕಟ್ಟಲು ದೂಳಿನ ಕಣದಂಥ ಆಸರೆ ಸಿಗದಿದ್ದರೆ, ಶುದ್ಧ ನೀರಿನ ಪುಟ್ಟ ಹನಿಗಳು ಸುಮಾರು ಮೈನಸ್ 38 ಡಿಗ್ರಿ ಸೆಲ್ಸಿಯಸ್‌ವರೆಗೂ ದ್ರವವಾಗಿಯೇ ಉಳಿಯಬಲ್ಲವು. ನಮ್ಮೂರಿನಿಂದ ಕೊಲ್ಲಿ ದಾಟಿದರೆ ಮೆನ್ಲೋ ಪಾರ್ಕ್. ಅಲ್ಲಿನ ಸ್ಲ್ಯಾಕ್ ಪ್ರಯೋಗಾಲಯದಲ್ಲಿ ಹನಿಗಳನ್ನು ನಿರ್ವಾತಕ್ಕೆ ಚಿಮ್ಮಿಸಿ, ಆವಿಯಾಗುತ್ತ ತಣಿಯುವ ಅವುಗಳ ಮೇಲೆ ಎಕ್ಸ್-ರೇ ಲೇಸರ್ ಹಾಯಿಸಿದರು. ಮೈನಸ್ 46 ಡಿಗ್ರಿಯಲ್ಲೂ ದ್ರವ ನೀರು ಕಂಡಿತೆಂದು 2014ರಲ್ಲಿ ಪ್ರಕಟಿಸಿದರು.

ಅದಕ್ಕೂ ಕೆಳಗೆ, ಹೆಚ್ಚಿನ ಒತ್ತಡದಲ್ಲಿ, ನೀರು ಸಾಂದ್ರತೆಯಲ್ಲಿ ಬೇರೆಯಾದ ಎರಡು ದ್ರವಗಳಾಗಿ ಒಡೆಯುತ್ತದೆಯೇ? 1992ರಲ್ಲಿ ಎದ್ದ ಈ ಊಹೆಗೆ ಪುರಾವೆಗಳು ಕೂಡಿಬರುತ್ತಿವೆಯಾದರೂ ಚರ್ಚೆ ಮುಗಿದಿಲ್ಲ. ಮುಂದೆ ಬೆಂಗಳೂರಿನ ಜವಾಹರಲಾಲ್ ನೆಹರು ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರ ಸೇರಿದ ಶ್ರೀಕಾಂತ್ ಶಾಸ್ತ್ರಿ ಮತ್ತು ಸಹೋದ್ಯೋಗಿಗಳು, ಎರಡು ದ್ರವಗಳ ಮೊರೆಹೋಗದೆಯೂ ನೀರಿನ ವಿಚಿತ್ರ ಗುಣಗಳನ್ನು ವಿವರಿಸಬಹುದೆಂದು 1996ರಲ್ಲಿ ತೋರಿಸಿದ್ದರು.

2. ವಿದ್ಯಾರ್ಥಿಯ ಪ್ರಶ್ನೆಗೆ ನಗಬೇಡಿ

1963ರಲ್ಲಿ ಇಂದಿನ ತಾಂಜಾನಿಯಾದ ಶಾಲಾ ಹುಡುಗ ಎರಾಸ್ಟೋ ಎಂಪೆಂಬಾ, ಐಸ್‌ಕ್ರೀಮ್ ಮಾಡುವಾಗ ಬಿಸಿ ಮಿಶ್ರಣವೇ ಬೇಗ ಹೆಪ್ಪುಗಟ್ಟಿತು ಎಂದ. ಶಾಲೆಯಲ್ಲಿ ಎಲ್ಲರೂ ನಕ್ಕರು. ಭೌತವಿಜ್ಞಾನದ ಪ್ರಾಧ್ಯಾಪಕ ಡೆನಿಸ್ ಆಸ್ಬರ್ನ್ ಮಾತ್ರ ಪರೀಕ್ಷಿಸಿ ನೋಡಿದರು. 1969ರಲ್ಲಿ ಇಬ್ಬರೂ ಸೇರಿ ಲೇಖನ ಪ್ರಕಟಿಸಿದರು. ಆ ಹುಡುಗನ ಹೆಸರು ಇಂದಿಗೂ ಸಂಶೋಧನಾ ಪತ್ರಿಕೆಗಳಲ್ಲಿದೆ.

3. ಥರ್ಮಾಮೀಟರ್ ಎಲ್ಲಿತ್ತು ಎಂದು ಮೊದಲು ಕೇಳಿ

ಬಿಸಿಯದೇ ಬೇಗ ಹೆಪ್ಪುಗಟ್ಟುವ ಈ ಎಂಪೆಂಬಾ ಪರಿಣಾಮ ನೀರಿನಲ್ಲಿ ನಿಜವೇ ಎಂಬುದು ಇನ್ನೂ ತಕರಾರಿನಲ್ಲಿದೆ. 2016ರಲ್ಲಿ ಸಂಶೋಧಕರಾದ ಬರ್ರಿಡ್ಜ್ ಮತ್ತು ಲಿಂಡೆನ್ ಅದಕ್ಕೆ ನಂಬುವಂಥ ಪುರಾವೆ ಸಿಗಲಿಲ್ಲ ಎಂದರು. ಉಷ್ಣಾಂಶ ಅಳೆಯುವ ಎತ್ತರ ಒಂದು ಸೆಂಟಿಮೀಟರ್ ಬದಲಾದರೂ ಫಲಿತಾಂಶ ತಿರುಗಬಹುದೆಂದು ತೋರಿಸಿದರು. ಇದನ್ನು ಯಾವ ಲ್ಯಾಬಿನಲ್ಲಾದರೂ ನೋಡಬಹುದು. ಕಲಕದೆ ತಣಿಸಿದ ಬೀಕರಿನ ತಳಕ್ಕೆ ಉಷ್ಣಾಂಶ ಅಳೆಯುವ ಒಂದು ತಂತಿ, ಮೇಲ್ಮೈ ಹತ್ತಿರ ಇನ್ನೊಂದು ತಂತಿ ಇಳಿಬಿಡಿ. ನೀರು ಅತಿ ಭಾರವಾಗುವುದು 4 ಡಿಗ್ರಿಯಲ್ಲಿ. ಅದಕ್ಕಿಂತ ತಣ್ಣಗಾದದ್ದು ಹಗುರಾಗಿ ಮೇಲೇರುತ್ತದೆ. ಒಂದೇ ಬೀಕರ್, ಒಂದೇ ಕ್ಷಣ, ಎರಡು ಅಂಕಿ. ವಿದ್ಯಾರ್ಥಿಗಳು ತಮ್ಮ ಟಿಪ್ಪಣಿ ಪುಸ್ತಕದಲ್ಲಿ ತಂತಿಯ ಎತ್ತರ ಬರೆಯಲು ಶುರು ಮಾಡುವುದು ಅಂದಿನಿಂದಲೇ.

4. ಲೆಕ್ಕವನ್ನು ಬಿಚ್ಚಿ ತೋರಿಸಿ

ಮೊದಲು ಹೇಳಿದ ಎರಡು ದ್ರವಗಳ ಪ್ರಶ್ನೆಯಲ್ಲೇ ನಮ್ಮ ನೆರೆಯ ಬರ್ಕ್ಲಿಯ ಡೇವಿಡ್ ಚಾಂಡ್ಲರ್ ಮತ್ತು ಪ್ರಿನ್ಸ್‌ಟನ್‌ನ ಪಾಬ್ಲೋ ಡೆಬೆನೆಡೆಟ್ಟಿ ತಂಡಗಳ ನಡುವೆ ವರ್ಷಗಟ್ಟಲೆ ವಾದ ನಡೆಯಿತು. ಒಂದೇ ಕಂಪ್ಯೂಟರ್ ಮಾದರಿ. ಅದರಲ್ಲಿ ಪ್ರಿನ್ಸ್‌ಟನ್‌ಗೆ ಎರಡು ದ್ರವ ಕಂಡಿತು, ಬರ್ಕ್ಲಿಗೆ ಕಾಣಲಿಲ್ಲ. ಬರ್ಕ್ಲಿಯ ಪ್ರೋಗ್ರಾಂ ಪರಿಶೀಲನೆಗೆ ಸಿಕ್ಕ ಮೇಲೆ, ಅಣುಗಳಿಗೆ ಆರಂಭದ ವೇಗ ಕೊಡುವ ಭಾಗದಲ್ಲಿ ತಪ್ಪಿತ್ತೆಂದು 2018ರಲ್ಲಿ ಪ್ರಿನ್ಸ್‌ಟನ್ ತಂಡ ಪ್ರಕಟಿಸಿತು. ಅಷ್ಟರಲ್ಲಿ ಚಾಂಡ್ಲರ್ ತೀರಿಕೊಂಡಿದ್ದರು. ಇಬ್ಬರೂ ದೊಡ್ಡ ವಿದ್ವಾಂಸರೇ. ಆದರೂ ಆ ಮಾದರಿಯ ಕುರಿತ ವಾದ ಬಗೆಹರಿದದ್ದು ಪ್ರೋಗ್ರಾಂ ತೆರೆದ ಮೇಲೆಯೇ.

5. ಪಾಕದಲ್ಲೂ ಪ್ರಶ್ನೆಯಿದೆ

ಸಂಕ್ರಾಂತಿಯ ಸಕ್ಕರೆ ಅಚ್ಚಿಗೆ ಪಾಕವನ್ನು ಬಿಡದೆ ತಿರುವುತ್ತಾರೆ. ಸಣ್ಣ ಹರಳುಗಳೆದ್ದು ಬೆಳ್ಳಗೆ ಗಟ್ಟಿಯಾಗುತ್ತದೆ. ಅದೇ ಪಾಕವನ್ನು ಸುಮಾರು 150 ಡಿಗ್ರಿಗೆ ಕಾಯಿಸಿ, ಕಲಕದೆ ಬೇಗ ಆರಿಸಿದರೆ ಪಾರದರ್ಶಕ ಮಿಠಾಯಿ. ಅದು ಹರಳಲ್ಲ, ಗಾಜು. ಅಣುಗಳ ಜೋಡಣೆ ನೋಡಿದರೆ ದ್ರವದಂತೆಯೇ ಅಸ್ತವ್ಯಸ್ತ, ಮುಟ್ಟಿದರೆ ಕಲ್ಲು. ಇಲ್ಲಿ ನಿಜವಾದ ಸ್ಥಿತಿಬದಲಾವಣೆ ಆಗುತ್ತದೆಯೋ, ಅಥವಾ ಅಣುಗಳ ಚಲನೆ ನಮ್ಮ ಅಳತೆಗೆ ಸಿಗದಷ್ಟು ನಿಧಾನವಾಗುತ್ತದೆಯೋ? ನೊಬೆಲ್ ಪುರಸ್ಕೃತ ಫಿಲಿಪ್ ಆಂಡರ್ಸನ್ 1995ರಲ್ಲಿ ಇದನ್ನು ಘನವಸ್ತು ಸಿದ್ಧಾಂತದ ಬಹುಶಃ ಅತ್ಯಂತ ಆಳವಾದ ಬಗೆಹರಿಯದ ಸಮಸ್ಯೆ ಎಂದು ಕರೆದರು. ಇವತ್ತಿಗೂ ಎಲ್ಲರೂ ಒಪ್ಪಿದ ಉತ್ತರವಿಲ್ಲ.

6. ಬಗೆಹರಿದದ್ದನ್ನೂ ಅಷ್ಟೇ ಸ್ಪಷ್ಟವಾಗಿ ಹೇಳಿ

ಇಷ್ಟೆಲ್ಲ ಕೇಳಿದ ಮೇಲೆ, ಹಾಗಾದರೆ ವಿಜ್ಞಾನದಲ್ಲಿ ಯಾವುದೂ ಖಚಿತವಲ್ಲವೇ ಎಂದು ಯಾರಾದರೂ ಕೇಳಿಯೇ ಕೇಳುತ್ತಾರೆ. ಖಚಿತವಾದದ್ದು ಬಹಳಷ್ಟಿದೆ. ಶಕ್ತಿ ಸೃಷ್ಟಿಯಾಗುವುದಿಲ್ಲ, ನಾಶವಾಗುವುದೂ ಇಲ್ಲ. ಶಾಖ ತಾನಾಗಿ ತಣ್ಣನೆಯದರಿಂದ ಬಿಸಿಯದಕ್ಕೆ ಹರಿಯುವುದಿಲ್ಲ. ಯಾವ ಶಕ್ತಿಮೂಲವೂ ಇಲ್ಲದೆ ಸದಾ ಓಡುವ ಯಂತ್ರದ ವಿಡಿಯೊ ಸುಳ್ಳು ಎಂದು ಹೇಳಲು ಇಷ್ಟು ಸಾಕು. ಈ ನಿಯಮಗಳ ಬಲದ ಮೇಲೆ ನಿಂತೇ ಉಳಿದ ಪ್ರಶ್ನೆಗಳನ್ನು ಕೇಳುತ್ತಿದ್ದೇವೆ.

ಕನ್ನಡದಲ್ಲಿ ವಿಜ್ಞಾನ ಕಲಿಸುವ ಮೇಷ್ಟ್ರುಗಳಲ್ಲಿ, ಮನೆಯಲ್ಲಿ ಪಾಠ ಹೇಳುವ ತಂದೆತಾಯಂದಿರಲ್ಲಿ ನನ್ನ ವಿನಂತಿ ಇಷ್ಟೇ: ಪ್ರತಿ ಅಧ್ಯಾಯ ಮುಗಿಸುವಾಗ, ಅದರಲ್ಲಿ ಇನ್ನೂ ಬಗೆಹರಿಯದ ಒಂದು ಪ್ರಶ್ನೆಯನ್ನು ಮಕ್ಕಳಿಗೆ ಹೇಳಿ. ಉತ್ತರ ಹುಡುಕುವವರು ಅವರಲ್ಲೇ ಇರಬಹುದು.