ಬಿರುಕು ಎಲ್ಲಿದೆ ಅನ್ನೋದು ಮುಖ್ಯ: ‘ಲೋಕಾ’ ನೋಡಿದ ಮೇಲೆ

ಸೂಪರ್‌ಹೀರೋ ಸಿನಿಮಾ ನೋಡಿ ಬಂದ ರಾತ್ರಿ ಹಾಸ್ಟೆಲ್‌ನಲ್ಲಿ ನಡೆಯುವ ವಾದ ಎಲ್ಲರಿಗೂ ಗೊತ್ತು. ಒಬ್ಬ ‘ಲಾಜಿಕ್ಕೇ ಇಲ್ಲ’ ಅಂತಾನೆ. ಇನ್ನೊಬ್ಬ ‘ಲಾಜಿಕ್ ಬೇಕಿದ್ರೆ ಥರ್ಮೋಡೈನಾಮಿಕ್ಸ್ ಓದು, ಮಜಾ ಬಂತಾ ಇಲ್ವಾ ಹೇಳು’ ಅಂತಾನೆ. ಇಬ್ಬರೂ ಅರ್ಧ ಸರಿ. ತಪ್ಪು ಎಷ್ಟಿವೆ ಎಂದು ಎಣಿಸಿದರೆ ಮಜಾ ಅಳೆದಂತೆ ಆಗುವುದಿಲ್ಲ, ತಪ್ಪು ಯಾವ ಜಾಗದಲ್ಲಿದೆ ಎಂದು ನೋಡಬೇಕು. ಸಿವಿಲ್‌ನವರಿಗೆ ಇದು ಬೇಗ ಹೊಳೆಯುತ್ತದೆ: ಪಾರ್ಟಿಶನ್ ಗೋಡೆ ಬಿರುಕು ಬಿಟ್ಟರೆ ಪುಟ್ಟಿ ಹಚ್ಚಿದರಾಯ್ತು, ಕಾಲಮ್ ಬಿಟ್ಟರೆ ಮನೆ ಖಾಲಿ ಮಾಡಬೇಕು.

1978ರ ‘ಸೂಪರ್‌ಮ್ಯಾನ್’ ತೆಗೆದುಕೊಳ್ಳಿ. ಕೊನೆಯಲ್ಲಿ ಅವನು ಭೂಮಿಯ ಸುತ್ತ ಹಾರಿ, ಅದನ್ನು ಹಿಂದಕ್ಕೆ ತಿರುಗಿಸಿ, ಕಾಲವನ್ನೇ ಹಿಂದೆ ತರುತ್ತಾನೆ. ಕೋನೀಯ ಸಂವೇಗ ಗೊತ್ತಿರುವ ಯಾರಿಗಾದರೂ ನಗು ಬರಬೇಕು. ಆದರೂ ಆ ಸಿನಿಮಾ ಬಿದ್ದಿಲ್ಲ. ಯಾಕೆಂದರೆ ಅದು ನಮಗೆ ಕೊಟ್ಟ ಮಾತು ಭೌತಶಾಸ್ತ್ರದ್ದಲ್ಲ. ಮನುಷ್ಯ ಹಾರುವುದನ್ನು ನಂಬಿಸುತ್ತೇನೆ ಅನ್ನೋದು, ಮತ್ತು ಅದನ್ನು ನಂಬಿಸಿತು. 1987ರ ನಾಲ್ಕನೇ ಭಾಗದ ಹೊತ್ತಿಗೆ ಬಜೆಟ್ ಅರ್ಧದಷ್ಟು ಕಡಿತವಾಗಿತ್ತು, ಹಾರುವ ಅದೇ ಶಾಟನ್ನು ಮತ್ತೆ ಮತ್ತೆ ತೋರಿಸಿದರು. ಭೂಮಿ ತಿರುಗಿಸಿದ್ದಕ್ಕೆ ಹೋಲಿಸಿದರೆ ಸಣ್ಣ ತಪ್ಪು. ಆದರೆ ಬಿರುಕು ಬಿದ್ದದ್ದು ಕಾಲಮ್ಮಿನಲ್ಲಿ.

ನಮ್ಮ ಎಕ್ಕಂಬಿ ಕಡೆಯವರಿಗೆ ಇದನ್ನೆಲ್ಲ ಹೇಳಿಕೊಡಬೇಕಿಲ್ಲ. ಸಿನಿಮಾಕ್ಕೆ ನಾವು ಶಿರಸಿಗೆ ಹೋಗಬೇಕು, ಯಕ್ಷಗಾನ ಮಾತ್ರ ಊರಿಗೇ ಬರ್ತದೆ. ಆಟದಲ್ಲಿ ಹನುಮಂತ ರಂಗಕ್ಕೆ ಒಂದು ಸುತ್ತು ಬಂದರೆ ಸಮುದ್ರ ದಾಟಿದ ಹಾಗೆ, ಗ್ರಾಫಿಕ್ಸ್ ಎಲ್ಲಿ ಅಂತ ಯಾರೂ ಕೇಳುವುದಿಲ್ಲ. ಆದರೆ ಅರ್ಥಗಾರಿಕೆಯಲ್ಲಿ ಸಂಬಂಧ ಒಂದು ತಪ್ಪಲಿ, ಭಾಗವತರ ತಾಳ ಜಾರಲಿ, ಮುಂದಿನ ಸಾಲಲ್ಲಿ ಕವಳ ಹಾಕಿಕೊಂಡು ಕೂತ ಅಜ್ಜ ಆ ಕ್ಷಣವೇ ಪಕ್ಕದವರ ಮುಖ ನೋಡ್ತಾನೆ. ಯಾವುದನ್ನು ಬಿಟ್ಟುಕೊಡಬೇಕು, ಯಾವುದನ್ನು ಬಿಡಬಾರದು ಅನ್ನೋ ಪಟ್ಟಿ ಆ ಅಜ್ಜನ ತಲೆಯಲ್ಲಿ ಖಚಿತವಾಗಿದೆ.

ಈ ಅಜ್ಜನ ಪಟ್ಟಿ ಇಟ್ಟುಕೊಂಡು ಮಲಯಾಳಂನ ‘ಲೋಕಾ: ಚಾಪ್ಟರ್ 1 ಚಂದ್ರ’ ನೋಡೋಣ. 2025ರ ಆಗಸ್ಟ್ 28ರಂದು ಬಂತು, ನಿರ್ದೇಶನ ಡೊಮಿನಿಕ್ ಅರುಣ್, ನಿರ್ಮಾಣ ದುಲ್ಕರ್ ಸಲ್ಮಾನ್ ಅವರ ವೇಫೇರರ್ ಫಿಲ್ಮ್ಸ್, ಗಳಿಕೆ ಜಗತ್ತಿನಾದ್ಯಂತ 300 ಕೋಟಿ ರೂಪಾಯಿ ಮೇಲೆ. ಕಥೆ ನಡೆಯೋದು ಬೆಂಗಳೂರಿನಲ್ಲಿ. ಅದರ ಕಾಲಮ್ ಒಂದೇ, ಆದರೆ ಗಟ್ಟಿ: ಕೇರಳದ ಜನ ತಲೆಮಾರುಗಳಿಂದ ಹೆದರುತ್ತಾ ಬಂದ ಕಳ್ಳಿಯಂಕಾಟ್ಟು ನೀಲಿ ಎಂಬ ಯಕ್ಷಿಯೇ ಇಲ್ಲಿ ಕಾಪಾಡುವವಳು. ಜನಪದ ಕಥೆಗಳಲ್ಲಿ ಯಕ್ಷಿ ಅಂದರೆ ದಾರಿಹೋಕರ ಹತ್ತಿರ ಸುಣ್ಣ ಕೇಳಿ, ಮರುಳು ಮಾಡಿ, ರಕ್ತ ಹೀರುವವಳು. ಸಿನಿಮಾದ ನೀಲಿ ಅರಸನ ಆಳುಗಳಿಂದ ತನ್ನವರನ್ನು ಕಳೆದುಕೊಂಡ ಕಾಡಿನ ಹುಡುಗಿ. ಕಲ್ಯಾಣಿ ಪ್ರಿಯದರ್ಶನ್ ಹೆಚ್ಚು ಮಾತಾಡದೆ ಆ ಭಾರ ಹೊತ್ತಿದ್ದಾರೆ. ನಿಮಿಷ್ ರವಿ ಕ್ಯಾಮೆರಾದ ರಾತ್ರಿಗಳು, ಜೇಕ್ಸ್ ಬಿಜೋಯ್ ಸಂಗೀತ, ಎದುರು ಮನೆ ಹುಡುಗ ಸನ್ನಿಯ ಪೆದ್ದುತನ, ಎಲ್ಲಾ ಸೇರಿ ಮೊದಲರ್ಧ ಜಾರಿದ್ದೇ ಗೊತ್ತಾಗಲ್ಲ.

ತಪ್ಪುಗಳಿಗೂ ಬರಗಾಲವಿಲ್ಲ. ಮುಂದಿನ ಭಾಗಗಳಿಗೆ ಜಾಗ ಕಾಯ್ದಿರಿಸಲು ಸ್ಟಾರ್‌ಗಳು ಬಂದು ಹೋಗ್ತಾರೆ, ಅದು ಪಾರ್ಟಿಶನ್ ಗೋಡೆ, ಬಿಟ್ಟುಬಿಡಿ. ವಿಲನ್ ಹಾಗಲ್ಲ. ಚಂದ್ರಾಳ ಶಕ್ತಿಯ ಹಿಂದೆ ಒಂದಿಡೀ ಹಿಂದಿನ ಕಥೆ ಇದೆ. ಇನ್ಸ್‌ಪೆಕ್ಟರ್ ನಾಚಿಯಪ್ಪ ಗೌಡನಿಗೆ ಅವಳಿಂದ ಸೋಂಕು ತಗುಲಿದ್ದೇ ತಡ, ಶಕ್ತಿ ಬಂದುಬಿಡುತ್ತದೆ. ಹಾಗಾಗಿ ಕೊನೆಯ ಹೊಡೆದಾಟದಲ್ಲಿ ತಾಕತ್ತಿದೆ, ಹಗೆ ಇಲ್ಲ.

ಇದೇ ಪಾತ್ರದ ಬಾಯಲ್ಲಿ ಬೆಂಗಳೂರಿನ ಹೆಣ್ಣುಮಕ್ಕಳ ನಡತೆಯ ಬಗ್ಗೆ ಕೀಳಾದ ಮಾತು ಬಂತು. ಕನ್ನಡಿಗರು ಸಿಟ್ಟಾದರು. ಸೆಪ್ಟೆಂಬರ್ 2ರಂದು ನಿರ್ಮಾಣ ಸಂಸ್ಥೆ ಕ್ಷಮೆ ಕೇಳಿ, ಆ ಸಂಭಾಷಣೆ ತೆಗೆಯುವುದಾಗಿ ಹೇಳಿತು. ‘ವಿಲನ್ ಅಲ್ವಾ, ಕೆಟ್ಟದ್ದೇ ಮಾತಾಡ್ತಾನೆ’ ಅನ್ನೋ ಸಮರ್ಥನೆಯಲ್ಲಿ ಹುರುಳಿಲ್ಲ ಅಂತಲ್ಲ. ಆಟದಲ್ಲಿ ಕೀಚಕನೂ ಸಭ್ಯವಾಗಿ ಮಾತಾಡಲ್ಲ. ಆದರೆ ಕೀಚಕನ ಎದುರು ಸೈರಂಧ್ರಿ ನಿಂತು ಉತ್ತರ ಕೊಡ್ತಾಳೆ. ಇಲ್ಲಿ ಉತ್ತರ ಕೊಡಲು ಬೆಂಗಳೂರಿನ ಹುಡುಗಿಯೇ ಕಥೆಯಲ್ಲಿಲ್ಲ. ಕಥೆ ನಡೆಸುವವರೆಲ್ಲ ಕೇರಳದವರು, ಕರ್ನಾಟಕದ ಪೊಲೀಸ್‌ಗೆ ತಮಿಳು ಹೆಸರಿನ ಬಾಲಕ್ಕೊಂದು ‘ಗೌಡ’, ಊರು ಅಂದ್ರೆ ಫ್ಲ್ಯಾಟು, ಕೆಫೆ, ರಾತ್ರಿ ರಸ್ತೆ. ಒಂದು ಸಾಲು ಕತ್ತರಿಸಿದ್ದು ಪುಟ್ಟಿ ಹಚ್ಚಿದ ಹಾಗಾಯ್ತು.

ಕೊಚ್ಚಿಯಲ್ಲಿ ಕೂತು ನೋಡುವವನಿಗೆ ಇದು ಬಹುಶಃ ಬಿರುಕೇ ಅಲ್ಲ, ಅವನಿಗೆ ಬೆಂಗಳೂರು ಕೆಲಸಕ್ಕೆ ಹೋಗುವ ಊರು ಅಷ್ಟೇ. ಇಲ್ಲಿನ ಮನೆಯಲ್ಲಿ ವಾಸಿಸುವ ನಮಗೆ ಬೇರೆ ಲೆಕ್ಕ. ಒಂದೇ ಗೋಡೆ, ಒಬ್ಬರ ನಕ್ಷೆಯಲ್ಲಿ ಪಾರ್ಟಿಶನ್, ಇನ್ನೊಬ್ಬರ ನಕ್ಷೆಯಲ್ಲಿ ಭಾರ ಹೊರುವಂಥದ್ದು. ಆದ್ದರಿಂದ ‘ಸಿನಿಮಾನ ಸಿನಿಮಾ ಥರ ನೋಡ್ರೋ’ ಅನ್ನುವವರ ಮಾತು ನನಗೆ ಪೂರ್ತಿ ಒಪ್ಪಿಗೆಯಿಲ್ಲ. ಹಾಗಂತ ‘ನೋಡಲೇಬೇಡಿ’ ಅನ್ನುವವರದ್ದೂ ಅಲ್ಲ. ನೀಲಿಯ ಹಿಂದಿನ ಕಥೆ ಬರುವಾಗ ನನ್ನ ಮೈ ಜುಂ ಅಂದದ್ದು ನಿಜ, ಆಮೇಲೆ ಕಿರಿಕಿರಿಯಾದದ್ದೂ ಅಷ್ಟೇ ನಿಜ.

ಹೊಟ್ಟೆಕಿಚ್ಚು ಮಾತ್ರ ಇನ್ನೂ ಹೋಗಿಲ್ಲ. ಘಟ್ಟದ ನಮ್ಮ ಊರುಗಳ ಅಂಚಿನಲ್ಲಿ ಚೌಡಿ ಇದ್ದಾಳೆ, ಜಟಗ ಇದ್ದಾನೆ. ಹೆದರುತ್ತಲೇ ಕಾಯಿ ಒಡೆಯುವ ದೈವಗಳು. ಈ ಸಲದ ಫೆಸ್ಟ್‌ಗೆ ಕಿರುಚಿತ್ರ ಮಾಡುವ ತಂಡದವರು ಕೇಪ್ ಹೊಲಿಸುವ ಮೊದಲು ರಜೆಯಲ್ಲಿ ಊರಿಗೆ ಹೋಗಿ, ಅಮ್ಮಮ್ಮನ ಹತ್ತಿರ ಚೌಡಿ ಕಟ್ಟೆಯ ಕಥೆ ಕೇಳಿ ರೆಕಾರ್ಡ್ ಮಾಡ್ಕೊಂಡು ಬನ್ನಿ. ಗ್ರಾಫಿಕ್ಸ್ ಕಳಪೆಯಾದರೆ ಆಗಲಿ ಮಾರಾಯ್ರೆ, ಅದನ್ನು ಅಜ್ಜನೂ ಕೇಳಲ್ಲ.