‘ಈಗ ಸಂಬಳ ಎಷ್ಟು?’ ಎಂದರೆ ಯಾವ ಸಂಬಳ ಹೇಳಬೇಕು?

ಹಳ್ಳಿಮೈಸೂರು ಹೋಬಳಿಯಿಂದ, ಅರಕಲಗೂಡು, ಚನ್ನರಾಯಪಟ್ಟಣದ ಕಡೆಯಿಂದ ಐಟಿಐ, ಡಿಪ್ಲೊಮಾ, ಬಿ.ಕಾಂ. ಮುಗಿಸಿದ ಹುಡುಗ ಹುಡುಗಿಯರು ಹಾಸನದ ಜವಳಿ ಕಾರ್ಖಾನೆಗೋ ಬೆಂಗಳೂರಿನ ಪೀಣ್ಯಕ್ಕೋ ಕೆಲಸಕ್ಕೆ ಸೇರುತ್ತಾರೆ. ಒಂದೆರಡು ವರ್ಷ ಅನುಭವವಾದ ಮೇಲೆ ಇನ್ನೊಂದು ಕಂಪನಿ ನೋಡುತ್ತಾರೆ. ಅಲ್ಲಿ ಎಚ್‌ಆರ್‌ನವರು ಮೊದಲು ಕೇಳುವುದು, ‘ಈಗ ನಿಮ್ಮ ಸಿಟಿಸಿ ಎಷ್ಟು?’ ಮನೆಯಲ್ಲಿ ಅಪ್ಪ ಕೇಳುವುದು, ‘ಕೈಗೆ ಎಷ್ಟು ಬರುತ್ತಪ್ಪ?’ ಈ ಎರಡು ಪ್ರಶ್ನೆಗೂ ಒಂದೇ ಅಂಕಿ ಹೇಳಿದವರಿಗೆ ನಷ್ಟ ಗ್ಯಾರಂಟಿ. ಹೇಗೆಂದು ನೋಡೋಣ.

ನಾಟಿಗೆ ಆಳು ಕರೆದ ರೈತ ಲೆಕ್ಕ ಬರೆಯುವಾಗ ಕೂಲಿಯ ಜೊತೆಗೆ ಊಟ, ಕಾಫಿ, ಆಟೊ ಬಾಡಿಗೆ ಎಲ್ಲವನ್ನೂ ಕೂಡಿಸಿ ‘ಆಳಿನ ಖರ್ಚು ಇಷ್ಟು’ ಎನ್ನುತ್ತಾನೆ. ಆಳು ಎಣಿಸುವುದು ಸಂಜೆ ಕೈಗೆ ಬಂದ ಕೂಲಿಯನ್ನು ಮಾತ್ರ. ಸಿಟಿಸಿ ಎಂಬುದು ಆ ರೈತನ ಲೆಕ್ಕ. ನಿಮ್ಮನ್ನು ಇಟ್ಟುಕೊಂಡದ್ದಕ್ಕೆ ಕಂಪನಿಗೆ ಆಗುವ ಒಟ್ಟು ಖರ್ಚು ಅದು. ಅದರೊಳಗೆ ತಿಂಗಳ ಸಂಬಳ ಇರುತ್ತದೆ, ಪಿಎಫ್‌ಗೆ ಕಂಪನಿ ಕಟ್ಟುವ ಪಾಲು ಇರುತ್ತದೆ, ಎಷ್ಟೋ ಕಡೆ ಕೆಲಸ ಬಿಡುವಾಗ ಕೊಡುವ ಇಡುಗಂಟು, ಅಂದರೆ ಗ್ರಾಚ್ಯುಟಿಯೂ ಇರುತ್ತದೆ.

ಒಂದು ಉದಾಹರಣೆ ತೆಗೆದುಕೊಳ್ಳಿ. ಬೇಸಿಕ್ 15,000 ರೂಪಾಯಿ, ಮನೆ ಬಾಡಿಗೆ ಮತ್ತು ಓಡಾಟದ ಭತ್ಯೆ ಸೇರಿ 11,000. ಗ್ರಾಸ್ 26,000 ಆಯಿತು. ಇದರಲ್ಲಿ ನಿಮ್ಮ ಪಾಲಿನ ಪಿಎಫ್ 12%, ಅಂದರೆ 1,800, ಜೊತೆಗೆ ವೃತ್ತಿ ತೆರಿಗೆ 200 ಕಳೆದರೆ ಕೈಗೆ 24,000. ಕಂಪನಿ ತನ್ನ ಕಡೆಯಿಂದ ಪಿಎಫ್‌ಗೆ ಇನ್ನೊಂದು 1,800 ಕಟ್ಟುತ್ತದೆ. ಗ್ರಾಚ್ಯುಟಿಗೆಂದು ಬೇಸಿಕ್‌ನ 4.81%, ಸುಮಾರು 721 ರೂಪಾಯಿ ಎತ್ತಿಡುತ್ತದೆ. ಎಲ್ಲ ಸೇರಿ ತಿಂಗಳಿಗೆ 28,521, ವರ್ಷಕ್ಕೆ 3,42,252. ಒಬ್ಬರದೇ ಸಂಬಳಕ್ಕೆ 24,000, 26,000, 28,521 ಎಂಬ ಮೂರು ಅಂಕಿಗಳು. ಮೂರೂ ನಿಜವೇ.

ಈಗ ಹೊಸ ಕಂಪನಿಯಲ್ಲಿ ನೀವು, ‘ನನಗೆ 26,000, ವರ್ಷಕ್ಕೆ 3,12,000. ಶೇಕಡಾ 10 ಜಾಸ್ತಿ ಕೊಡಿ’ ಎಂದಿರಿ ಎನ್ನಿ. ಅವರು ತಕ್ಷಣ ಒಪ್ಪಿ 3,43,200ರ ಆಫರ್ ಲೆಟರ್ ಕೊಡುತ್ತಾರೆ. ನೀವು ಸಂತೋಷದಿಂದ ಸಹಿ ಹಾಕುತ್ತೀರಿ. ಆದರೆ ಅವರು ಬರೆದದ್ದು ಪಿಎಫ್, ಗ್ರಾಚ್ಯುಟಿ ಎಲ್ಲ ಒಳಗೊಂಡ ಸಿಟಿಸಿ. ತಿಂಗಳಿಗೆ 28,600 ಆಯಿತು. ಹಳೆಯ 28,521ಕ್ಕೂ ಇದಕ್ಕೂ ವ್ಯತ್ಯಾಸ 79 ರೂಪಾಯಿ. ಇಲ್ಲಿ ಯಾರೂ ಸುಳ್ಳು ಹೇಳಿಲ್ಲ. ನೀವು ಗ್ರಾಸ್ ಹೇಳಿದಿರಿ, ಅವರು ಸಿಟಿಸಿ ಬರೆದರು, ಅಷ್ಟೆ.

ಹಾಗಾದರೆ ಗ್ರಾಚ್ಯುಟಿಯನ್ನು ಸೇರಿಸಿ ಹೇಳಬೇಕೋ ಬಿಡಬೇಕೋ? ಅವರು ಸಿಟಿಸಿ ಕೇಳಿದರೆ ಸೇರಿಸಿಯೇ ಹೇಳಿ. ಅದರ ಬೆನ್ನಲ್ಲೇ, ‘ಇದರಲ್ಲಿ ಕಂಪನಿಯ ಪಿಎಫ್ ಇಷ್ಟು, ಗ್ರಾಚ್ಯುಟಿ ಇಷ್ಟು’ ಎಂದು ಬಿಡಿಸಿ ಹೇಳಿ. ಆಫರ್ ಬಂದಾಗಲೂ ಅದೇ ರೀತಿ ಬಿಡಿಸಿ ಕೊಡಲು ಕೇಳಿ. ಸಿಟಿಸಿಯನ್ನು ಸಿಟಿಸಿಯೊಂದಿಗೆ, ಗ್ರಾಸನ್ನು ಗ್ರಾಸಿನೊಂದಿಗೆ ತೂಗಿ ನೋಡಬೇಕು.

ಸಿಟಿಸಿಯೊಳಗಿನ ಈ ಎರಡು ಬಾಬ್ತುಗಳ ಬೆಲೆಯೂ ಒಂದೇ ಅಲ್ಲ. ಪಿಎಫ್ ಹಣ ಮೊದಲ ತಿಂಗಳಿಂದಲೇ ನಿಮ್ಮ ಯುಎಎನ್ ನಂಬರಿನ ಖಾತೆಗೆ ಹೋಗುತ್ತದೆ. ಕಂಪನಿಯ ಪಾಲಿನಲ್ಲಿ 8.33% ಪಿಂಚಣಿಗೆ, ಉಳಿದ 3.67% ಪಿಎಫ್‌ಗೆ. ಕೆಲಸ ಬದಲಿಸಿದರೂ ಅದು ನಿಮ್ಮದೇ. ಅದನ್ನು ತೆಗೆದು ಖರ್ಚು ಮಾಡುವ ಬದಲು ಹೊಸ ಕಂಪನಿಗೆ ವರ್ಗಾಯಿಸಿಕೊಳ್ಳಿ. ಪಿಂಚಣಿಗೆ ಹತ್ತು ವರ್ಷದ ಸೇವೆ ಬೇಕು. ಈ ಹಣದ ಹಕ್ಕು ಎಂಥದ್ದು ಎಂಬುದನ್ನು ನಮ್ಮ ಗಾರ್ಮೆಂಟ್ಸ್ ಹೆಣ್ಣುಮಕ್ಕಳು ತೋರಿಸಿಕೊಟ್ಟಿದ್ದಾರೆ. ಮಾಲೀಕರ ಪಾಲಿನ ಪಿಎಫ್ ಅನ್ನು 58 ವರ್ಷ ತುಂಬುವವರೆಗೆ ತೆಗೆಯುವಂತಿಲ್ಲ ಎಂದು ಕೇಂದ್ರ ಸರ್ಕಾರ 2016ರ ಫೆಬ್ರವರಿಯಲ್ಲಿ ನಿಯಮ ತಂದಿತ್ತು. ಏಪ್ರಿಲ್ 18 ಮತ್ತು 19ರಂದು ಬೆಂಗಳೂರಿನ ಹೊಸೂರು ರಸ್ತೆ, ತುಮಕೂರು ರಸ್ತೆಗಳಲ್ಲಿ ಅವರು ಸಾವಿರಗಟ್ಟಲೆ ಬೀದಿಗಿಳಿದರು. 19ರಂದೇ ಸರ್ಕಾರ ಆ ನಿಯಮ ವಾಪಸ್ ಪಡೆಯಿತು.

ಗ್ರಾಚ್ಯುಟಿಗೆ ಷರತ್ತಿದೆ. 1972ರ ಕಾಯ್ದೆಯಿಂದ ಬಂದ ಸೌಲಭ್ಯ ಇದು. ಹತ್ತು ಅಥವಾ ಹೆಚ್ಚು ಜನ ಕೆಲಸ ಮಾಡುವ ಸಂಸ್ಥೆಗಳಿಗೆ ಅನ್ವಯಿಸುತ್ತದೆ. ಕಾಯಂ ನೌಕರ ಒಂದೇ ಕಡೆ ಸತತ ಐದು ವರ್ಷ ದುಡಿದಿರಬೇಕು. ಮರಣ ಅಥವಾ ಅಂಗವೈಕಲ್ಯದ ಸಂದರ್ಭಕ್ಕೆ ಮಾತ್ರ ಈ ಷರತ್ತಿಲ್ಲ. ಲೆಕ್ಕ ಸುಲಭ: ಕೊನೆಯ ತಿಂಗಳ ಬೇಸಿಕ್ ಮತ್ತು ತುಟ್ಟಿಭತ್ಯೆಯನ್ನು 15ರಿಂದ ಗುಣಿಸಿ, 26ರಿಂದ ಭಾಗಿಸಿ, ಸೇವೆಯ ವರ್ಷಗಳಿಂದ ಗುಣಿಸಿ. 15,000 ಬೇಸಿಕ್‌ಗೆ ಐದು ವರ್ಷಕ್ಕೆ 43,269 ರೂಪಾಯಿ. ನಾಲ್ಕೇ ವರ್ಷಕ್ಕೆ ಬಿಟ್ಟರೆ ಸಿಟಿಸಿಯಲ್ಲಿ ತಿಂಗಳಿಗೆ 721ರಂತೆ ತೋರಿಸಿದ ಸುಮಾರು 34,600 ರೂಪಾಯಿಯಲ್ಲಿ ಒಂದು ಪೈಸೆಯೂ ಬರುವುದಿಲ್ಲ. ಆದ್ದರಿಂದ ನಾಲ್ಕೂವರೆ ವರ್ಷ ಕಳೆದವರು ರಾಜೀನಾಮೆ ಬರೆಯುವ ಮುನ್ನ ಕ್ಯಾಲೆಂಡರ್ ನೋಡಲಿ. ಕಾಯಲು ಆಗದಿದ್ದರೆ ಆ ನಷ್ಟವನ್ನು ಹೊಸ ಕಂಪನಿಯ ಮುಂದಿಟ್ಟು ಜಾಯ್ನಿಂಗ್ ಬೋನಸ್ ಕೇಳಲಿ.

2025ರ ನವೆಂಬರ್ 21ರಿಂದ ಸಾಮಾಜಿಕ ಭದ್ರತಾ ಸಂಹಿತೆ ಜಾರಿಗೆ ಬಂದ ಮೇಲೆ ನಿಗದಿತ ಅವಧಿಯ ಕರಾರಿನ ಮೇಲೆ ಸೇರಿದವರಿಗೆ ಒಂದು ವರ್ಷಕ್ಕೇ ಗ್ರಾಚ್ಯುಟಿ ಹಕ್ಕು ಸಿಕ್ಕಿದೆ. ಹೀಗಾಗಿ ನೇಮಕಾತಿ ಪತ್ರದಲ್ಲಿ ಕಾಯಂ ಎಂದಿದೆಯೋ ಕರಾರು ಎಂದಿದೆಯೋ ಓದಿಕೊಳ್ಳಿ. ಬೇಸಿಕ್ ತೀರಾ ಕಡಿಮೆ ಇಟ್ಟು ಭತ್ಯೆ ಉಬ್ಬಿಸುವ ಹಳೇ ಚಾಳಿಗೂ ತಡೆ ಬಿದ್ದಿದೆ: ವೇತನದ ಲೆಕ್ಕಕ್ಕೆ ಬಾರದ ಭತ್ಯೆಗಳು ಒಟ್ಟು ಸಂಬಳದ ಅರ್ಧಕ್ಕಿಂತ ಹೆಚ್ಚಾದರೆ ಹೆಚ್ಚಾದಷ್ಟನ್ನು ವೇತನಕ್ಕೇ ಸೇರಿಸಬೇಕು.

ಗ್ರಾಚ್ಯುಟಿ ಕೊಡುವ ಹೊಣೆ ಕಂಪನಿಯದು. ಸಿಟಿಸಿಯಲ್ಲಿ ತೋರಿಸಿದರೆ ತಕರಾರಿಲ್ಲ. ಪೇ ಸ್ಲಿಪ್‌ನ ಕಡಿತದ ಕಾಲಂನಲ್ಲಿ ಗ್ರಾಚ್ಯುಟಿ ಎಂದು ನಿಮ್ಮ ಸಂಬಳ ಮುರಿದುಕೊಂಡಿದ್ದರೆ ಕೇಳಲೇಬೇಕು. ಕಂಪನಿ ಮುಚ್ಚಿದರೂ ಈ ಹಣ ಮುಳುಗದಿರಲೆಂದು ಕರ್ನಾಟಕ 2024ರ ಜನವರಿಯಲ್ಲಿ ಕಡ್ಡಾಯ ಗ್ರಾಚ್ಯುಟಿ ವಿಮೆಯ ನಿಯಮ ತಂದಿದೆ. ಐದು ವರ್ಷ ಮುಗಿಸಿ ಬಿಟ್ಟವರು 30 ದಿನದೊಳಗೆ ಅರ್ಜಿ ಕೊಡಿ. ಹಣ ಬಾಕಿಯಾದ 30 ದಿನದೊಳಗೆ ಕಂಪನಿ ಪಾವತಿಸಬೇಕು. ಸತಾಯಿಸಿದರೆ ಬಡ್ಡಿ ಸಮೇತ ಕೇಳುವ ಹಕ್ಕಿದೆ, ಕಾರ್ಮಿಕ ಇಲಾಖೆಗೆ ದೂರು ಕೊಡಿ.

ಮುಂದಿನ ಸಂದರ್ಶನಕ್ಕೆ ಹೊರಡುವ ಮುನ್ನ ಒಂದು ಹಾಳೆಯಲ್ಲಿ ನಿಮ್ಮ ಬೇಸಿಕ್, ಗ್ರಾಸ್, ಸಿಟಿಸಿ, ಕೈಗೆ ಬರುವ ಮೊತ್ತ ನಾಲ್ಕನ್ನೂ ಬರೆದುಕೊಳ್ಳಿ. ಹೊಸ ಆಫರ್‌ನ ಅದೇ ನಾಲ್ಕು ಅಂಕಿಗಳನ್ನು ಪಕ್ಕದಲ್ಲಿ ಬರೆಯದೆ ಸಹಿ ಹಾಕಬೇಡಿ.