ಸಂಘದ ಹಳೆಯ ಕಂಪ್ಯೂಟರ್: ದಿನಬಳಕೆಗೆ ಕೆಲವು ಕಿವಿಮಾತು



ಕೆಚ್ಚಲು ಬಾವು, ಕರುಗಳ ಆರೈಕೆ ಎಂದು ಬರೆಯಬೇಕಾದ ಪಶುವೈದ್ಯಾಧಿಕಾರಿ ಕಂಪ್ಯೂಟರ್ ವಿಷಯ ಏಕೆ ಎತ್ತಿದರು ಎಂದು ನಿಮಗೆ ಅನಿಸಬಹುದು. ಕಾರಣವಿದೆ. ಒಮ್ಮೆ ಕಾಲುಬಾಯಿ ಜ್ವರದ ಲಸಿಕೆ ಹಾಕಿದ ದಿನ, ಒಂದು ಸಂಘದ ಕಂಪ್ಯೂಟರಿನಲ್ಲಿ ರಾಸುಗಳ ಕಿವಿಯೋಲೆ ಸಂಖ್ಯೆಗಳನ್ನು ಬರೆಯುತ್ತಿದ್ದೆ. ಒಂದೊಂದು ಸಂಖ್ಯೆಯೂ 12 ಅಂಕಿ. ಬೇಗ ಮುಗಿಯಲಿ ಎಂದು ನೋಟ್‌ಪ್ಯಾಡ್‌ನಲ್ಲಿ ಬರೆಯುತ್ತಾ ಹೋದೆ, ನಡುವೆ ಒಮ್ಮೆಯೂ ಸೇವ್ ಮಾಡಲಿಲ್ಲ. ಕರೆಂಟ್ ಹೋಯಿತು, ಪಟ್ಟಿಯೂ ಹೋಯಿತು. ಕಾರ್ಡ್ ಹಿಡಿದು ಸರದಿಯಲ್ಲಿ ನಿಂತು ಹೋಗಿದ್ದ ಸದಸ್ಯೆಯರನ್ನೆಲ್ಲ ಮರುದಿನ ಮತ್ತೆ ಕರೆಸಬೇಕಾಯಿತು. ತಪ್ಪು ನನ್ನದೇ.

ಅದು ಲಸಿಕೆ ಪಟ್ಟಿ, ಮತ್ತೆ ಬರೆದೆವು. ಹದಿನೈದು ದಿನದ ಹಾಲಿನ ಲೆಕ್ಕ ಹೋಗಿದ್ದರೆ? ಬಟವಾಡೆಯ ಗತಿ ಏನು? ಹಾಗಾಗಿ ಈ ಪಾಠ.

ಯಾವ ವಿಂಡೋಸ್ ಎಂದು ತಿಳಿಯಿರಿ

ಪರದೆಯ ಮೇಲಿನ ‘ಕಂಪ್ಯೂಟರ್’ ಚಿತ್ರದ ಮೇಲೆ ಮೌಸಿನ ಬಲಗುಂಡಿ ಒತ್ತಿ, ‘ಪ್ರಾಪರ್ಟೀಸ್’ ಆರಿಸಿ. ವಿಂಡೋಸ್ 7 ಎಂದಿದ್ದರೆ ಈ ಲೇಖನ ನಿಮಗಾಗಿ. ಅದು ಬಂದದ್ದು 2009ರಲ್ಲಿ. 2020ರ ಜನವರಿ 14ಕ್ಕೆ ಮೈಕ್ರೋಸಾಫ್ಟ್ ಸಾಮಾನ್ಯ ಬಳಕೆದಾರರಿಗೆ ಅದರ ಭದ್ರತಾ ಅಪ್‌ಡೇಟ್ ಕೊಡುವುದನ್ನು ನಿಲ್ಲಿಸಿತು.

ನಮ್ಮ ಮಾತಿನಲ್ಲಿ ಹೇಳುವುದಾದರೆ, ಇದು ಲಸಿಕೆ ನಿಂತುಹೋದ ಹಸು. ಹಾಲು ಕೊಡುತ್ತದೆ, ಕೆಲಸ ನಡೆಯುತ್ತದೆ. ಆದರೆ ಸಂತೆಯಿಂದ ತಂದ ರಾಸನ್ನು ಅದರ ಪಕ್ಕದಲ್ಲಿ ಕಟ್ಟಬಾರದು. ಕಂಡಕಂಡವರ ಪೆನ್‌ಡ್ರೈವ್ ಮತ್ತು ಇಂಟರ್‌ನೆಟ್, ಇವೆರಡೂ ಕಂಪ್ಯೂಟರಿಗೆ ಸಂತೆ ಇದ್ದಂತೆ.

ಬರೆದಂತೆಲ್ಲ ಉಳಿಸಿ

1. ಹತ್ತು ಸದಸ್ಯರ ಲೆಕ್ಕ ಮುಗಿದಾಗಲೆಲ್ಲ ಕಂಟ್ರೋಲ್ ಗುಂಡಿ ಹಿಡಿದು ಎಸ್ ಒತ್ತಿ. ಹೊಸ ಫೈಲಿಗೆ ಮೊದಲೇ ಹೆಸರು ಕೊಡಿ.

2. ಯುಪಿಎಸ್ ಇರುವುದು ಕರೆಂಟ್ ಹೋದ ಮೇಲೂ ಕೆಲಸ ಮುಂದುವರಿಸಲು ಅಲ್ಲ. ಅದು ಕೂಗಿದರೆ ಸೇವ್ ಮಾಡಿ, ‘ಸ್ಟಾರ್ಟ್’ ಒತ್ತಿ, ‘ಶಟ್ ಡೌನ್’ ಮಾಡಿ. ನೇರವಾಗಿ ಗೋಡೆಯ ಸ್ವಿಚ್ ಆರಿಸಬೇಡಿ.

3. ಕೈತಪ್ಪಿ ಏನಾದರೂ ಅಳಿಸಿಹೋದರೆ ಗಾಬರಿ ಬೇಡ. ಆ ಕ್ಷಣವೇ ಕಂಟ್ರೋಲ್ ಹಿಡಿದು ಜೆಡ್ ಒತ್ತಿದರೆ ಸಾಮಾನ್ಯವಾಗಿ ಹಿಂದಿನದು ಮರಳುತ್ತದೆ. ಇಡೀ ಫೈಲೇ ಅಳಿಸಿದ್ದರೆ ‘ರೀಸೈಕಲ್ ಬಿನ್’ ತೆರೆದು ನೋಡಿ, ಫೈಲಿನ ಮೇಲೆ ಬಲಗುಂಡಿ ಒತ್ತಿ ‘ರಿಸ್ಟೋರ್’ ಆರಿಸಿ. ಆದರೆ ಪೆನ್‌ಡ್ರೈವಿನಿಂದ ಅಳಿಸಿದ್ದು ಅಲ್ಲಿ ಸಿಗುವುದಿಲ್ಲ.

4. ಅಕ್ಷರ ಚಿಕ್ಕದಾಗಿ ಕಂಡರೆ ವಿಂಡೋಸ್ ಚಿಹ್ನೆಯ ಗುಂಡಿ ಹಿಡಿದು ಪ್ಲಸ್ ಒತ್ತಿ. ಪರದೆ ದೊಡ್ಡದಾಗಿ ಕಾಣುತ್ತದೆ. ಕನ್ನಡಕ ಮರೆತು ಬಂದ ದಿನ ಇದು ಉಪಕಾರಿ.

ಪ್ರತಿ ಬೇರೆ ಕಡೆ ಇರಲಿ

‘ಡಿ’ ಡ್ರೈವ್‌ನಲ್ಲಿ ಇನ್ನೊಂದು ಪ್ರತಿ ಇದೆ ಎಂದು ಕೆಲವರು ಧೈರ್ಯವಾಗಿರುತ್ತಾರೆ. ಹೆಚ್ಚಿನ ಕಂಪ್ಯೂಟರುಗಳಲ್ಲಿ ‘ಸಿ’ ಮತ್ತು ‘ಡಿ’ ಎರಡೂ ಒಂದೇ ಹಾರ್ಡ್‌ಡಿಸ್ಕಿನ ಭಾಗಗಳು. ಡಿಸ್ಕ್ ಕೆಟ್ಟರೆ ಎರಡೂ ಹೋಗುತ್ತವೆ. ಮೇವನ್ನೆಲ್ಲ ಒಂದೇ ಬಣವೆಗೆ ಒಟ್ಟಿದ ಹಾಗೆ.

ಎರಡು ಪೆನ್‌ಡ್ರೈವ್ ಇಟ್ಟುಕೊಳ್ಳಿ. ಒಂದು ವಾರ ಒಂದಕ್ಕೆ, ಮರುವಾರ ಇನ್ನೊಂದಕ್ಕೆ ಲೆಕ್ಕದ ಪ್ರತಿ ಹಾಕಿ. ಒಂದು ಸಂಘದ ಬೀರುವಿನಲ್ಲಿರಲಿ, ಇನ್ನೊಂದು ಆಡಳಿತ ಮಂಡಳಿ ಒಪ್ಪಿದವರ ಮನೆಯಲ್ಲಿರಲಿ. ಪ್ರತಿ ಹಾಕಿದ ಮೇಲೆ ಪೆನ್‌ಡ್ರೈವಿನಿಂದಲೇ ಒಂದು ಫೈಲ್ ತೆರೆದು ನೋಡಿ. ತೆರೆಯದ ಪ್ರತಿ ಇದ್ದರೂ ಇಲ್ಲದಂತೆಯೇ. ತೆಗೆಯುವ ಮುನ್ನ ‘ಸೇಫ್ಲಿ ರಿಮೂವ್’ ಒತ್ತಿ. ಇವುಗಳಿಗೆ ಮದುವೆಯ ಫೋಟೊ, ಹಾಡು ತುಂಬಬೇಡಿ, ಜೆರಾಕ್ಸ್ ಅಂಗಡಿಗೂ ಒಯ್ಯಬೇಡಿ.

ಪೆನ್‌ಡ್ರೈವ್ ಹಾಕಿದಾಗ ಫೋಲ್ಡರುಗಳ ಮೇಲೆಲ್ಲ ಪುಟ್ಟ ಬಾಣದ ಗುರುತು ಕಂಡರೆ ಅದು ವೈರಸ್ ಇರಬಹುದು. ಅದನ್ನು ಒತ್ತಬೇಡಿ, ಹೆದರಿ ಫಾರ್ಮ್ಯಾಟ್ ಮಾಡಲೂ ಬೇಡಿ. ಎಷ್ಟೋ ಸಲ ನಿಜವಾದ ಫೈಲುಗಳು ಒಳಗೇ ಅಡಗಿರುತ್ತವೆ. ಹೊರತೆಗೆದು, ತಿಳಿದವರಿಗೆ ತೋರಿಸಿ.

ಬೆಳಿಗ್ಗೆ ಮೊದಲು ತಾರೀಖು ನೋಡಿ

ಹಾಲು ಅಳೆಯುವ ಮುನ್ನ ಪರದೆಯ ಬಲಗಡೆ ಕೆಳಮೂಲೆಯ ತಾರೀಖು ನೋಡಿ. ದಿನವೂ ಹಳೆಯ ವರ್ಷಕ್ಕೇ ಹೋಗುತ್ತಿದ್ದರೆ, ಒಳಗಿನ ನಾಣ್ಯದಂಥ ಬ್ಯಾಟರಿ ಮುಗಿದಿರಬಹುದು. ಅದು ದುಬಾರಿಯಲ್ಲ, ಹಾಕಿಸಿ. ಅಲ್ಲಿಯವರೆಗೆ ದಿನವೂ ಕೈಯಿಂದ ಸರಿಪಡಿಸಿ. ಇಲ್ಲದಿದ್ದರೆ ಇಂದಿನ ಹಾಲು ಇನ್ಯಾವುದೋ ದಿನದ ಲೆಕ್ಕಕ್ಕೆ ಸೇರೀತು.

ಹಣದ ವ್ಯವಹಾರ ಇದರಲ್ಲಿ ಬೇಡ

ಬ್ಯಾಂಕಿನ ಪಾಸ್‌ವರ್ಡ್, ಒಟಿಪಿ ಯಾವುದನ್ನೂ ವಿಂಡೋಸ್ 7ರಲ್ಲಿ ಹಾಕಬೇಡಿ. ಕ್ರೋಮ್‌ನ ಹೊಸ ಆವೃತ್ತಿಗಳೂ 2023ರ ಆರಂಭದಿಂದ ಅದಕ್ಕೆ ಬರುತ್ತಿಲ್ಲ. ಸಾಧ್ಯವಾದರೆ ಈ ಕಂಪ್ಯೂಟರಿಗೆ ಇಂಟರ್‌ನೆಟ್ಟೇ ಬೇಡ, ಹಾಲಿನ ಲೆಕ್ಕಕ್ಕಷ್ಟೇ ಇರಲಿ.

ಹೊಸದು ಕೊಳ್ಳುವ ಮಾತು ಬಂದಾಗಲೂ ಎಚ್ಚರ. ವಿಂಡೋಸ್ 10ರ ಸಾಮಾನ್ಯ ಬೆಂಬಲವೂ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಕಡಿಮೆ ಬೆಲೆಗೆ ಸಿಕ್ಕಿತೆಂದು ಬಳಸಿದ ಕಂಪ್ಯೂಟರ್ ತಂದರೆ ಮತ್ತೆ ಇದೇ ಕಥೆ. ಹಲ್ಲು ನೋಡಿ ಹಸು ಕೊಳ್ಳುವವರು ನಾವು, ಇದನ್ನೂ ಕೇಳಿಯೇ ಕೊಳ್ಳೋಣ.

ಕಂಪ್ಯೂಟರ್ ಮುಟ್ಟದ ಸದಸ್ಯೆಯರಿಗೂ ಒಂದು ಮಾತು. ಲೆಕ್ಕ ನಿಮ್ಮ ಹಾಲಿನದು. ಮುಂದಿನ ಸಭೆಯಲ್ಲಿ ಎರಡು ಪ್ರಶ್ನೆ ಕೇಳಿ: ‘ಲೆಕ್ಕದ ಇನ್ನೊಂದು ಪ್ರತಿ ಎಲ್ಲಿದೆ? ಅದನ್ನು ಕೊನೆಯ ಬಾರಿ ತೆರೆದು ನೋಡಿದ್ದು ಯಾವಾಗ?’ ಕಾರ್ಯದರ್ಶಿಯವರ ಮೇಲಿನ ಅನುಮಾನದಿಂದಲ್ಲ, ಅವರಿಗೆ ನೆರವಾಗಲು ಕೇಳಿ. ಬಟವಾಡೆ ಕೈಸೇರುವವರೆಗೆ ನಿಮ್ಮ ಹಾಲಿನ ಚೀಟಿಗಳನ್ನೂ ಜೋಪಾನವಾಗಿಡಿ. ಕರೆಂಟ್ ಹೋದರೂ ಅದರಲ್ಲಿ ಬರೆದದ್ದು ಅಳಿಸುವುದಿಲ್ಲ.